ಕಳ್ಳಗಾಳಿ

ಗಣಿ ನಿಂತ ವರ್ಷ ಯಾವುದೋ ಬಂಗಲೆಯಿಂದ
ಬಳ್ಳಾರಿಯ ಕೌಲ್ ಬಜಾರಿನ ಗುಜರಿಗೆ ಇಳಿದ ಕಾರು.
ಮೊಣಕೈ ಉದ್ದ, ಉಬ್ಬಿದ ನಾಲ್ಕು ಗಾಲಿ,
ಮುಷ್ಟಿಯೊಳಗೆ ಮುಚ್ಚಿಹೋಗುವ ಇಂಜಿನ್ನು.
ಹೊಲಿಗೆ ಮಿಷನ್ ರಿಪೇರಿಯ ತಿಪ್ಪೇರುದ್ರ
ತೂಕಕ್ಕೆ ಕೊಂಡ, ರಿಮೋಟನ್ನೂ ತಕ್ಕಡಿಗೆ ಹಾಕಿಸಿ.

ಎಣ್ಣೆ ಹೈದರಾಬಾದಿನಿಂದ ಬಸ್ಸಿನ ಪಾರ್ಸಲ್ಲು.
ಮುಚ್ಚಳ ತಿರುವಿದರೆ ಮೂಗಿಗೆ ಚುರುಕ್, ಅದರ ಬೆನ್ನಿಗೇ
ಹರಳೆಣ್ಣೆ. ಕೂಸಿನ ನೆತ್ತಿಗೆ ತಟ್ಟುವ ಅದೇ ಹರಳೆಣ್ಣೆ,
ಇಲ್ಲಿ ಪಿಸ್ಟನ್ನಿನ ನೆತ್ತಿಗೆ.

ಹಗ್ಗ ಎಳೆದರೆ ಹೊತ್ತಿಕೊಳ್ಳುತ್ತಿತ್ತು, ತಕರಾರಿಲ್ಲ.
ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟೇ.
ಥ್ರಾಟಲ್ ಬಿಟ್ಟ ಮೇಲೂ ಕಿರ್ರೆಂದು ಏರಿ,
ಕರೆದರೂ ಬಾರದ ಹುಡುಗನ ಹಾಗೆ ತಡವಾಗಿ ಇಳಿದು
ಗುಟುಕು, ಗುಟುಕು,
ಬಿಕ್ಕು,
ಸತ್ತುಬಿಡುತ್ತಿತ್ತು.

ಮೂರು ಸಂಜೆ. ನಲವತ್ತೆರಡು ಡಿಗ್ರಿಯ ಮೂರು ಸಂಜೆ.
ಸೂಜಿ ಕಾಲು ಸುತ್ತು ಬಿಚ್ಚಿದ: ಹೊಗೆ, ಜಿಡ್ಡು, ಕೆಮ್ಮು.
ಕಾಲು ಸುತ್ತು ಬಿಗಿದ: ಚೀರಾಟ; ತಲೆಯ ಮೇಲೆ ಉಗುಳಿದರೆ
ಚೊಯ್ ಎಂದು ಆವಿ.
ಪ್ಲಗ್ ಬದಲಿಸಿದ. ಬದಲಿಸಿದ್ದನ್ನು ಮತ್ತೆ ಬದಲಿಸಿದ.
ನಾನು ಅವನ ಹತ್ತಿರ ಕೆಲಸ ಕಲಿಯುತ್ತಿದ್ದೆ, ಅಂದರೆ
ಪಾನಾ ಕೊಡುವುದು, ಬೈಗುಳ ಇಸಕೊಳ್ಳುವುದು.

ನಾಲ್ಕನೆಯ ದಿನ ಮಾಬುನ್ನಿ ಬಂದಳು
ಸುಟ್ಟ ವಾಸನೆಯ ಮೋಟಾರು ಕಂಕುಳಲ್ಲಿ ಹಿಡಿದು.
ನಾನೂರು ಪ್ಯಾಂಟಿನ ಜಿಪ್ಪು ಬಾಕಿ ಇತ್ತು ಅವಳದು,
ಉಗುರಿನ ಸುತ್ತ ಜೀನ್ಸಿನ ನೀಲಿ.
ಸ್ಟೂಲಿಗೆ ಕೂತು ಒಂದು ಗಳಿಗೆ ಕೇಳಿದಳು.
“ಆ ಸೂಜೀನ ಯಾಕ ಕೊಲ್ತೀ ತಿಪ್ಪಣ್ಣ?
ದಾರ ಹರೀತು ಅಂದ್ರ ನಮ್ಮ ಹುಡಿಗೇರೂ
ಮೊದ್ಲು ಸೂಜೀನ ಬೈತಾರ.
ಇದು ಎಲ್ಲಿಂದೋ ಗಾಳಿ ಕದೀತೈತಿ.
ಸಿಲಿಂಡರ್ ಬಂದಾಗ ಮನ್ಯಾಗ
ಸೋಪಿನ ನೀರು ಹಚ್ಚಿ ನೋಡಂಗಿಲ್ಲೇನು?”

ತಿಪ್ಪೇರುದ್ರ ಅವಳಿಗೆ ಏನೂ ಅನ್ನಲಿಲ್ಲ.
ಬಕೆಟ್ಟು ತರಲು ಇಷ್ಟು ಹೊತ್ತೇನೋ ಎಂದು ನನಗೆ ಬೈದ.
ಬಕೆಟ್ಟು ಅವನಿನ್ನೂ ಕೇಳಿರಲೇ ಇಲ್ಲ.

ಇಂಜಿನ್ನು ಬಿಚ್ಚಿ, ಕಾರ್ಬ್ಯುರೇಟರಿನ ಬಾಯಿಗೆ ಹೆಬ್ಬೆರಳು,
ಹೊಗೆಯ ದಾರಿಗೆ ಸೈಕಲ್ ಟ್ಯೂಬಿನ ಬಿರಡೆ,
ಎಣ್ಣೆಯ ನಳಿಗೆಯನ್ನು ಹಲ್ಲಿನಲ್ಲಿ ಕಚ್ಚಿ
ನೀರಲ್ಲಿ ಮುಳುಗಿಸಿ ಊದಿದ.
ಹಿಂದಿನ ಮುಚ್ಚಳ: ಏನಿಲ್ಲ.
ಮುಂದಿನ ಬೇರಿಂಗು: ನಿಧಾನಕ್ಕೆ ಒಂದು, ಸಾಸಿವೆಯಷ್ಟು.
ಅಷ್ಟು ಇರತೈತಿ ಬಿಡು, ಎಂದು ಕಣ್ಣಲ್ಲೇ ಹೇಳಿದ.
ಕಾರ್ಬ್ಯುರೇಟರಿನ ಕುತ್ತಿಗೆ:
ಕಾದ ಬಾಣಲೆಗೆ ಮಿರ್ಚಿ ಬಿಟ್ಟ ಹಾಗೆ
ಸುತ್ತ ಮುತ್ತಿದ ಗುಳ್ಳೆ.

ಕಿತ್ತರೆ, ಹಳೆಯ ರಬ್ಬರಿನ ಬಳೆ,
ಹುಣಸೆ ನಾರಿನ ಹಾಗೆ ಸೆಟೆದದ್ದು. ಅದರ ಸಂದಿಯಲ್ಲಿ
ಕೆಂಪು. ಜರಡಿ ಹಿಡಿದ ಹಿಟ್ಟಿನಷ್ಟು ನುಣ್ಣಗೆ ಅದಿರು.
ನಮ್ಮ ಅಂಗಿಯ, ನಮ್ಮ ಬೇವಿನೆಲೆಯ, ನಮ್ಮ ಕಫದ ಬಣ್ಣ
ಆ ಬಂಗಲೆಯ ಅಂಗಳದಲ್ಲೂ ಆಡಿತ್ತು,
ಫಿಲ್ಟರಿಗೆ ಹೇಳದೆ ಕೇಳದೆ ಒಳಗೆ ಬಂದಿತ್ತು.
ತಿಪ್ಪೇರುದ್ರ ಬೆರಳಿಗೆ ಒರೆಸಿಕೊಂಡು ನೋಡಿದ,
ಪ್ಯಾಂಟಿಗೆ ಒರೆಸಿದ.

ಮೋಕಾ ರಸ್ತೆಯ ಡೀಸೆಲ್ ಪಂಪಿನ ಅಂಗಡಿಗೆ
ಸೈಕಲ್ ತುಳಿದೆ, ಅಳತೆಗೆಂದು ಹಳೆಯದನ್ನು
ಕಿರುಬೆರಳಿಗೆ ಹಾಕಿಕೊಂಡು. ದಾರಿಯಲ್ಲೇ ಅದು ಎರಡು ತುಂಡು.
ಬೆರಳಿನ ಗುರುತು ತೋರಿಸಿಯೇ ತಂದೆ
ಏಳು ರೂಪಾಯಿಯ ಓ-ರಿಂಗು.

ಸೂಜಿಯನ್ನು ಮೊದಲಿದ್ದಲ್ಲಿಗೇ ತಂದ. ಹಗ್ಗ ಎಳೆದ.
ಏರಿತು. ಬಿಟ್ಟ. ಇಳಿಯಿತು.
ಇಳಿದಲ್ಲೇ ಕೂತಿತು.
“ಈಗ ನೋಡು, ಇಂಚಿಗೆ ಎಂಟು ಹೊಲಿಗಿ ಬಿದ್ಹಂಗ,”
ಎಂದಳು ಮಾಬುನ್ನಿ.
ಅವನು ನಳಿಗೆ ಚಿವುಟಿ ಹಿಡಿದು ಎಣಿಸಿದ:
ಒಂದು, ಎರಡು, ಮೂರು.
ಒಂದೆಳೆ ಏರಿ, ನಿಂತಿತು. ಹಾಗೆಯೇ ನಿಲ್ಲಬೇಕು ಅದು.

“ನನ್ನ ಮೋಟಾರು?”
“ನಾಳೆ.”
“ನಾಳೆ ಅಂದ್ರ ನಾನೂರು ಜಿಪ್ಪು ನೀನೇ ಹಾಕು,”
ಎಂದವಳೇ ರಿಮೋಟು ಎತ್ತಿಕೊಂಡು ಓಣಿಗೆ ಇಳಿದಳು,
ಕಾರು ಹಿಡಿದು ನಾನು ಹಿಂದೆ, ನಮ್ಮ ಹಿಂದೆ ಕಂಡ ಕಂಡ ಹುಡುಗರು.

ಬಾಗಿಲಿಂದ ತಿರುಗಿ ನೋಡಿದೆ: ಅವಳ ಮೋಟಾರು ಬಿಚ್ಚಿ
ತಲೆ ತಗ್ಗಿಸಿ ಕೂತಿದ್ದಾನೆ ತಿಪ್ಪೇರುದ್ರ.
ಓಣಿಯ ತಿರುವಿನಲ್ಲಿ ಅವಳು ಥ್ರಾಟಲ್ ಬಿಟ್ಟಾಗೆಲ್ಲ
ಅವನ ಸ್ಕ್ರೂಡ್ರೈವರ್ ನಿಲ್ಲುತ್ತಿತ್ತು.